ಕೃಷ್ಣಾತೀರದ ಪದಕಾರರೂ ಧ್ವನಿಮುದ್ರಣವೂ

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರನ್ನುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯು ಕನ್ನಡನಾಡಿನ ವಾಯವ್ಯದ ಹೊಸ್ತಿಲಾಗಿರುವದು. ಇಲ್ಲಿಯ ಜನರು ಹಿಂದಿನಿಂದಲೂ ಎರಡು ನುಡಿಗಳನ್ನು ಬಲ್ಲವರು. ಹಲವು ಆಳ್ವಿಕೆಗಳನ್ನು ಕಂಡವರು. ಚಿಕ್ಕೋಡಿ ಅಥಣಿಗಳು ಬ್ರಿಟಿಷರ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಗೆ ಸೇರಿದ್ದಾಗ, ಮಗ್ಗುಲಲ್ಲಿಯೇ ಇದ್ದ ರಾಯಬಾಗವು ಕೊಲ್ಲಾಪುರ ಸಂಸ್ಥಾನದ ಆಡಳಿತಕ್ಕೆ ಒಳಪಟ್ಟಿದ್ದಿತು. ೧೯೪೯ನೆಯ ಇಸವಿಯಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರಲ್ಲಿ ಬೆಳಗಾವಿ ಜಿಲ್ಲೆಯು ಕನ್ನಡಿಗರ ಏಕೀಕೃತ ರಾಜ್ಯವನ್ನು ಸೇರಿತು. ಕಚೇರಿಯ ಭಾಷೆ ಬದಲಾಯಿತು, ದಫ್ತರಗಳು ಬದಲಾದವು. ಆದರೆ ಈ ಎಲ್ಲ ಪಲ್ಲಟಗಳ ನಡುವೆ ಊರ ಗುಡಿಯ ಕಟ್ಟೆಯ ಮೇಲೆ, ಮಠದ ಅಂಗಳದಲ್ಲಿ, ಜಾತ್ರೆಯ ಬಯಲಿನಲ್ಲಿ ನಡೆದು ಬಂದ ಹಾಡು ಮಾತ್ರ ನಿಲ್ಲಲಿಲ್ಲ.

ಈ ಹಾಡನ್ನು ಕಟ್ಟಿದವರಿಗೆ ಜನರು ಪದಕಾರರೆಂದು ಕರೆಯುವರು. ಪದಕಾರನು ತಾನೇ ಕವಿ, ತಾನೇ ಗಾಯಕ. ಇವರ ಚರಿತ್ರೆಯನ್ನು ಬರೆಯಹೊರಟರೆ ಎರಡು ಸಂಗತಿಗಳು ಎದ್ದು ಕಾಣುವವು. ಮೊದಲನೆಯದು, ಪದಕಾರನ ಸ್ವಂತ ಕವಿತ್ವವು ಬಹುಮಟ್ಟಿಗೆ ನಡುವಯಸ್ಸಿನಲ್ಲಿ ಮೊಳೆಯುವದು. ಎರಡನೆಯದು, ಧ್ವನಿಯನ್ನು ಸೆರೆಹಿಡಿಯುವ ಯಂತ್ರವು ಇವರ ಬಾಗಿಲಿಗೆ ಬಹಳ ತಡವಾಗಿ ಬಂದಿತು. ಈ ಎರಡು ವಿಲಂಬಗಳು ಕೂಡಿ ಇಲ್ಲಿಯ ಹಾಡಿಗೆ ತಂದ ಲಾಭವೇನು, ಹಾನಿಯೇನು ಎಂಬುದು ವಿಚಾರಾರ್ಹವಾದ ವಿಷಯವಾಗಿರುವದು.

ಪದಕಾರನ ಅಭ್ಯಾಸಕ್ರಮ

ಈ ಸೀಮೆಯ ಹಾಡಿನಲ್ಲಿ ಎರಡು ಮುಖ್ಯ ಹರವುಗಳುಂಟು. ಒಂದು ಭಜನೆಯ ಹರವು. ಮಠಗಳಲ್ಲಿ ಶಿವಾನುಭವ ಗೋಷ್ಠಿಗಳು ನಡೆದಾಗ ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿಯ ಪದಗಳನ್ನೂ, ಸರ್ಪಭೂಷಣ ಶಿವಯೋಗಿಗಳ ಪದಗಳನ್ನೂ ಏಕತಾರಿ, ತಾಳ, ದಮ್ಮಡಿಗಳೊಡನೆ ಹಾಡುವ ರೂಢಿಯು ಬೆಳೆದು ಬಂದಿತು. ಅಥಣಿಯ ಗಚ್ಚಿನಮಠದಲ್ಲಿ ತಪೋನಿಷ್ಠರಾಗಿದ್ದ ಮುರುಘೇಂದ್ರ ಶಿವಯೋಗಿಗಳ (೧೮೩೬–೧೯೨೧) ಕಾಲದಿಂದ ಆ ಪಟ್ಟಣವು ಸುತ್ತಲಿನ ಭಕ್ತರಿಗೆ ಯಾತ್ರಾಸ್ಥಳವಾಯಿತು. ಯಾತ್ರೆಗೆ ಬಂದವರು ಪದಗಳನ್ನು ತಂದರು, ಪದಗಳನ್ನು ಕೊಂಡೊಯ್ದರು. ಅಕ್ಷರ ಬಾರದ ಒಕ್ಕಲಿಗನ ಬಾಯಲ್ಲಿ ಅದ್ವೈತದ ಸೂಕ್ಷ್ಮಗಳು ನಲಿದಾಡಿದ್ದು ಇಂಥ ಭಜನೆಯ ಮೇಳಗಳಿಂದಲೇ.

ಇನ್ನೊಂದು ಲಾವಣಿ ಮತ್ತು ಗೀಗೀ ಪದಗಳ ಹರವು. ಮುಂದಾಳು ದಪ್ಪು ಹಿಡಿದು ನುಡಿಯನ್ನೆತ್ತುವನು. ಒಬ್ಬನು ತುಂತುಣಿ ಮಿಡಿಯುವನು. ಮತ್ತೊಬ್ಬನು ತಾಳ ಹಾಕುವನು. ಹಿಮ್ಮೇಳದವರು ಗೀಗೀ ಎಂದು ದನಿಗೂಡಿಸುವರು. ಹರದೇಶಿಯವರು ಪುರುಷತತ್ತ್ವದ ಹಿರಿಮೆಯನ್ನು ಹಾಡಿದರೆ ನಾಗೇಶಿಯವರು ಶಕ್ತಿಯ ಹಿರಿಮೆಯನ್ನು ಎತ್ತಿ ಹಿಡಿಯುವರು. ಇರುಳು ಆರಂಭವಾದ ವಾದವು ಬೆಳಗಾಗುವವರೆಗೆ ಸಾಗುವದುಂಟು. ತುಂತುಣಿಯೂ ಲಾವಣಿಯೂ ಮರಾಠಿಯವರಿಗೂ ಕನ್ನಡಿಗರಿಗೂ ಸಮಾನವಾದ ಸೊತ್ತಾದುದರಿಂದ ನಿಪ್ಪಾಣಿ ಕಾಗವಾಡಗಳಂಥ ಗಡಿಯ ಊರುಗಳಲ್ಲಿ ಒಂದೇ ಮಟ್ಟು ಎರಡು ನುಡಿಗಳಲ್ಲಿ ಕೇಳಿಬರುವದು ಆಶ್ಚರ್ಯವಲ್ಲ.

ಇಂಥ ಮೇಳದಲ್ಲಿ ಹುಡುಗನು ಮೊದಲು ಹಿಮ್ಮೇಳದಲ್ಲಿ ನಿಲ್ಲುವನು. ವರ್ಷಗಟ್ಟಲೆ ಪಲ್ಲವಿಯನ್ನು ಹಿಡಿದು, ಹಿರಿಯರ ನುಡಿಗಳನ್ನು ಬಾಯಿಪಾಠ ಮಾಡಿ, ಪುರಾಣದ ಕಥೆಗಳನ್ನು ಕೇಳಿ ತಿಳಿದು, ಎದುರು ಮೇಳದ ಪ್ರಶ್ನೆಗೆ ಕೂಡಲೆ ಉತ್ತರ ಕೊಡುವ ಧೈರ್ಯವನ್ನು ಸಂಪಾದಿಸಿದ ಮೇಲೆ ಮುಂದಾಳಾಗುವನು. ಅದಾದ ಬಳಿಕವೇ ತನ್ನ ಸ್ವಂತ ಪದವನ್ನು ಕಟ್ಟಿ ಅದಕ್ಕೆ ಅಂಕಿತ ಹಾಕುವ ಅಧಿಕಾರ ಅವನಿಗೆ ಬರುವದು. ಹಗಲು ಹೊಲದ ದುಡಿಮೆ, ಇರುಳು ಹಾಡು. ಇವೆರಡರ ನಡುವೆ ಈ ವಿದ್ಯೆಯು ಮೆಲ್ಲಗೆ ಪಕ್ವವಾಗುವದು. ಆದುದರಿಂದ ನಾಲ್ವತ್ತರ ಆಚೆಗೆ ಮೊದಲ ಪದವನ್ನು ಕಟ್ಟಿದವನನ್ನು ಊರವರು ತಡವಾಗಿ ಬಂದವನೆಂದು ಎಣಿಸುವದಿಲ್ಲ. ಹಣ್ಣು ಮರದಲ್ಲಿಯೇ ಮಾಗಿತೆಂದು ತಿಳಿಯುವರು.

ಅಂಕಿತದ ಮಹತ್ವ

ಪದಕಾರನಿಗೆ ಗ್ರಂಥಸ್ವಾಮ್ಯವೆಂಬುದೊಂದಿದ್ದರೆ ಅದು ಅಂಕಿತವೇ. ಕೊನೆಯ ನುಡಿಯಲ್ಲಿ ಅವನು ತನ್ನ ಗುರುವಿನ ಹೆಸರನ್ನೋ, ಊರ ದೈವದ ಹೆಸರನ್ನೋ ಇಡುವನು. ತನ್ನ ಹೆಸರನ್ನು ಹೇಳಿಕೊಂಡರೂ ಅದು ಗುರುವಿನ ಹೆಸರಿನ ಕೆಳಗೆ ನಿಲ್ಲುವದು. ಹಾಡು ಊರಿಂದೂರಿಗೆ ಹೋದರೂ ಅಂಕಿತವು ಅದರ ತೌರುಮನೆಯನ್ನು ತಿಳಿಸುವದು.

ಇದರ ಪ್ರಯೋಜನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶಾಸನತಜ್ಞರಾದ ಜಾನ್ ಫೇಯ್ತ್‌ಫುಲ್ ಫ್ಲೀಟರು ಈ ಭಾಗದಲ್ಲಿ ಅಧಿಕಾರಿಯಾಗಿದ್ದ ಕಾಲದಲ್ಲಿ ಕನ್ನಡ ಲಾವಣಿಗಳನ್ನು ಕೂಡಿಸಿ, ೧೮೮೫ರಿಂದ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿಯ ಬೇಡರ ಲಾವಣಿ ಮೊದಲಾದವು ಹೀಗೆ ಉಳಿದು ಬಂದವು. ಹಲಗಲಿಯ ಲಾವಣಿಯನ್ನು ಕಟ್ಟಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೆ ಅದರ ಕೊನೆಯಲ್ಲಿ ಕುರ್ತಕೋಟಿಯ ಕಲ್ಮೇಶನ ಸ್ಮರಣೆಯಿರುವದರಿಂದ ಆ ಕವಿಯು ಯಾವ ದೈವದ ಒಕ್ಕಲೆಂಬುದು ಇಂದಿಗೂ ತಿಳಿಯುವದು. ಆ ಒಂದು ನುಡಿಯನ್ನು ಉದ್ದವಾಯಿತೆಂದು ಬಿಟ್ಟಿದ್ದರೆ ಅಷ್ಟೂ ತಿಳಿಯುತ್ತಿರಲಿಲ್ಲ.

ಫ್ಲೀಟರ ತರುವಾಯ ಈ ಕಾರ್ಯವನ್ನು ಕನ್ನಡಿಗರೇ ಕೈಕೊಂಡರು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಪಿ. ಧೂಲಾ ಅವರು ಕೂಡಿ ಜನಪದದ ಹಾಡುಗಳನ್ನು ಸಂಗ್ರಹಿಸಿದರು. ೧೯೩೧ರಲ್ಲಿ ‘ಗರತಿಯ ಹಾಡು’, ೧೯೩೩ರಲ್ಲಿ ಲಾವಣಿಗಳ ಸಂಗ್ರಹವಾದ ‘ಜೀವನ ಸಂಗೀತ’, ೧೯೩೫ರಲ್ಲಿ ‘ಮಲ್ಲಿಗೆ ದಂಡೆ’ ಅಚ್ಚಾದವು. ಹೀಗೆ ಹಾಡಿನ ಅಕ್ಷರವು ಪುಸ್ತಕವನ್ನು ಸೇರಿತು. ಆದರೆ ದನಿಯು ಇನ್ನೂ ಬಯಲಿನಲ್ಲಿಯೇ ಇದ್ದಿತು.

ಗ್ರಾಮೋಫೋನಿನ ಮೂರು ನಿಮಿಷ

ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ಅಮೇರಿಕೆಯ ಎಡಿಸನ್ನರು ೧೮೭೭ರಲ್ಲಿಯೇ ನಿರ್ಮಿಸಿದ್ದರು. ಹಿಂದುಸ್ತಾನದಲ್ಲಿ ಗ್ರಾಮೋಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗರು ೧೯೦೨ರಲ್ಲಿ ಕಲಕತ್ತೆಗೆ ಬಂದು ಮೊದಲ ಮುದ್ರಣಗಳನ್ನು ಮಾಡಿದರು. ಗೌಹರ್ ಜಾನರ ಹೆಸರು ಮನೆಮಾತಾದದ್ದು ಆಗಲೇ. ಆರಂಭದಲ್ಲಿ ತಟ್ಟೆಗಳು ಜರ್ಮನಿಯಲ್ಲಿ ತಯಾರಾಗಿ ಹಡಗಿನಲ್ಲಿ ಬರುತ್ತಿದ್ದವು. ೧೯೦೮ರಲ್ಲಿ ಕಲಕತ್ತೆಯ ಸಿಯಾಲದಹದಲ್ಲಿ ಕಾರ್ಖಾನೆಯು ತೆರೆಯಲ್ಪಟ್ಟಿತು. ಗಾಯಕನು ಒಂದು ದೊಡ್ಡ ಕಹಳೆಯೊಳಗೆ ಬಾಯಿಟ್ಟು ಕೂಗಿ ಹಾಡಬೇಕಾಗಿದ್ದ ಕಷ್ಟವು ೧೯೨೫ರ ಮೇಲೆ ವಿದ್ಯುತ್ತಿನ ಮುದ್ರಣವು ಬಳಕೆಗೆ ಬಂದ ಬಳಿಕ ನೀಗಿತು. ಆದರೆ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ, ಹೆಚ್ಚೆಂದರೆ ಇನ್ನಷ್ಟು ಸ್ವಲ್ಪ ಎಂಬ ಮಿತಿಯು ಮುಂದೆಯೂ ಬಹುಕಾಲ ಉಳಿಯಿತು.

ಈ ಯಂತ್ರವು ಕೃಷ್ಣಾತೀರಕ್ಕೆ ಅಪರಿಚಿತವಾಗಿರಲಿಲ್ಲ. ಕಾಗವಾಡದಿಂದ ಕೆಲವೇ ಮೈಲುಗಳ ಆಚೆಗಿರುವ ಮೀರಜವು ತಂಬೂರಿ ಸಿತಾರಗಳನ್ನು ಮಾಡುವ ಕುಶಲಕರ್ಮಿಗಳಿಂದ ಹೆಸರಾದ ಊರು. ಅಲ್ಲಿ ನೆಲೆಸಿದ್ದ ಖಾನಸಾಹೇಬ ಅಬ್ದುಲ್ ಕರೀಮಖಾನರು (೧೮೭೨–೧೯೩೭) ೨೦ನೆಯ ಶತಮಾನದ ಮೊದಲ ದಶಕದಲ್ಲಿ ಕೆಲವು ತಟ್ಟೆಗಳಿಗೆ ಹಾಡಿದ್ದರು. ಆದರೆ ಅವರ ಹೆಸರನ್ನು ಮನೆಮನೆಗೆ ಒಯ್ದವುಗಳು ೧೯೩೦ರ ದಶಕದ ನಡುವಿನಲ್ಲಿ, ಅವರು ಅರವತ್ತನ್ನು ದಾಟಿದ ಮೇಲೆ ಮುದ್ರಿತವಾದ ತಟ್ಟೆಗಳೇ. ಜೀವಮಾನದ ಸಾಧನೆಯು ಮೂರು ನಿಮಿಷದ ಅಳತೆಗೆ ಇಳಿದು ಬಂದಾಗಲೂ ಅದರ ತೇಜಸ್ಸು ಕುಂದಲಿಲ್ಲ. ಅದೇ ಮೀರಜದಲ್ಲಿ ನೀಲಕಂಠಬುವಾ ಅವರ ಬಳಿ ಶಿಷ್ಯವೃತ್ತಿ ಮಾಡಿದ ಮಲ್ಲಿಕಾರ್ಜುನ ಮನಸೂರರೂ (೧೯೧೦–೧೯೯೨), ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೂ ೧೯೩೦ರ ದಶಕದಲ್ಲಿಯೇ ತಟ್ಟೆಗಳಿಗೆ ಹಾಡಿದರು. ಮನಸೂರರು ಮುಂದೆ ಶಿವಶರಣರ ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡಿ ಆ ವಾಣಿಗೆ ಸಂಗೀತಸಭೆಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟರು.

ಹೀಗೆ ರಾಗಸಂಗೀತವೂ ರಂಗಸಂಗೀತವೂ ತಟ್ಟೆಯನ್ನು ಹತ್ತಿದ ಕಾಲಕ್ಕೆ ಹಳ್ಳಿಯ ಪದಕಾರನ ದನಿಯು ಅಲ್ಲಿ ವಿರಳವಾಗಿದ್ದಿತು. ಇದಕ್ಕೆ ಕಾರಣಗಳು ಸ್ಪಷ್ಟವಾಗಿಯೇ ಇರುವವು. ಗಾಯಕನು ಮುಂಬಯಿಗೆ ಹೋಗಿ ಮುದ್ರಿಸಬೇಕು; ಇಲ್ಲವೆ ಕಂಪನಿಯವರು ಯಾವದಾದರೂ ಪಟ್ಟಣಕ್ಕೆ ಬಂದಾಗ ಅಲ್ಲಿಗೆ ಹೋಗಬೇಕು. ಹೊಲದ ಹಂಗಾಮನ್ನು ಬಿಟ್ಟು ಹೋಗುವದು ಒಕ್ಕಲಿಗನಿಗೆ ಸುಲಭವಲ್ಲ. ತಟ್ಟೆಯನ್ನು ಕೊಳ್ಳುವವರು ಪಟ್ಟಣದ ಉಳ್ಳವರು. ಅವರು ನಾಟಕದಲ್ಲಿ ಕೇಳಿದ ಪದವನ್ನೇ ಮತ್ತೆ ಕೇಳಬಯಸುವರು. ಇವೆಲ್ಲಕ್ಕಿಂತ ದೊಡ್ಡ ತೊಡಕು ಅಳತೆಯದು. ಗೀಗೀ ಪದದಲ್ಲಿ ದೇವತಾಸ್ತುತಿ ಮುಗಿಯುವದಕ್ಕೆ ಮೊದಲೇ ಮೂರು ನಿಮಿಷ ಕಳೆದುಹೋಗುವವು. ಸವಾಲು ಒಂದು ಮೇಳದ್ದು, ಜವಾಬು ಇನ್ನೊಂದು ಮೇಳದ್ದು; ಎರಡನ್ನೂ ಒಂದು ತಟ್ಟೆಯಲ್ಲಿ ಅಡಕ ಮಾಡುವದು ಕೊಡದ ನೀರನ್ನು ಬೊಗಸೆಯಲ್ಲಿ ತುಂಬಿದಂತೆ.

ಹುಕ್ಕೇರಿ ಬಾಳಪ್ಪನವರ ದೃಷ್ಟಾಂತ

ತಡವಾಗಿ ಬಂದ ಯಂತ್ರವೂ ಪಕ್ವವಾದ ಕಂಠವೂ ಒಂದನ್ನೊಂದು ಕೂಡಿದ ಬಗೆಯನ್ನು ತಿಳಿಯುವದಕ್ಕೆ ಇದೇ ಬೆಳಗಾವಿ ಜಿಲ್ಲೆಯ ಮುರಗೋಡದ ಹುಕ್ಕೇರಿ ಬಾಳಪ್ಪನವರ (೧೯೧೧–೧೯೯೨) ಜೀವನವು ಒಳ್ಳೆಯ ದೃಷ್ಟಾಂತವಾಗಿರುವದು. ಅವರ ಮನೆತನದ ಹೆಸರಿನಲ್ಲಿರುವ ಹುಕ್ಕೇರಿಯು ಚಿಕ್ಕೋಡಿಗೆ ನೆರೆಯ ಊರು. ಭಜನೆ, ಬಯಲಾಟ, ಲಾವಣಿಗಳ ವಾತಾವರಣವೇ ಅವರ ಪಾಠಶಾಲೆ.

ಬಾಳಪ್ಪನವರ ತಾರುಣ್ಯವು ಸ್ವಾತಂತ್ರ್ಯದ ಚಳವಳಿಯ ಕಾಲದಲ್ಲಿ ಕಳೆಯಿತು. ಆ ದಿನಗಳಲ್ಲಿ ಊರೂರಿಗೆ ಸಭೆಗಳು. ಧ್ವನಿವರ್ಧಕವಿಲ್ಲದ ಬಯಲಿನಲ್ಲಿ ಮುಂದಾಳುಗಳ ಭಾಷಣಕ್ಕೆ ಮೊದಲು ಜನರನ್ನು ಕೂಡಿಸುವದು ಹಾಡುಗಾರನ ಹೊಣೆ. ಎತ್ತರದ ಕಂಠದಿಂದ, ಹಳ್ಳಿಯವರ ನುಡಿಯಲ್ಲಿಯೇ, ಅವರು ಬಲ್ಲ ಮಟ್ಟಿನಲ್ಲಿಯೇ ಹಾಡಿದ ಪದವು ಭಾಷಣಕ್ಕಿಂತ ಮೊದಲು ಎದೆಯನ್ನು ಮುಟ್ಟುತ್ತಿದ್ದಿತು. ಕರ್ನಾಟಕದ ಏಕೀಕರಣದ ಹೋರಾಟದಲ್ಲಿಯೂ ಅವರ ಕಂಠವು ಹಾಗೆಯೇ ದುಡಿಯಿತು. ಆದರೆ ಆ ಸಭೆಗಳ ಹಾಡು ಗಾಳಿಗೆ ಸೇರಿತು. ಚಳವಳಿಯ ಕಾವಿನಲ್ಲಿ ಹಾಡಿದ ಪದವನ್ನು ಹಿಡಿದಿಡಲು ಅಲ್ಲಿ ಯಾವ ಯಂತ್ರವಿದ್ದಿತು?

೧೯೫೦ನೆಯ ಇಸವಿಯ ಜನವರಿ ೮ರಂದು ಧಾರವಾಡದಲ್ಲಿ ಆಕಾಶವಾಣಿಯ ಕೇಂದ್ರವು ಆರಂಭವಾಯಿತು. ಆಗ ಬಾಳಪ್ಪನವರಿಗೆ ನಾಲ್ವತ್ತು ವರ್ಷ ಸಮೀಪಿಸಿದ್ದವು. ಸಭೆಯಲ್ಲಿ ಕೇಳಿದ್ದ ದನಿಯನ್ನು ಉತ್ತರ ಕರ್ನಾಟಕದ ಜನರು ಈಗ ಮನೆಯಲ್ಲಿಯೂ, ಚಹದ ಅಂಗಡಿಯಲ್ಲಿಯೂ, ಪಂಚಾಯತಿಯ ಕಟ್ಟೆಯ ಮೇಲಿನ ರೇಡಿಯೋದಲ್ಲಿಯೂ ಕೇಳತೊಡಗಿದರು. ಅವರಿಗೆ ‘ಸಾವಿರ ಹಾಡಿನ ಸರದಾರ’ನೆಂಬ ಬಿರುದನ್ನು ಕೊಟ್ಟು ಜನರು ಕೊಂಡಾಡಿದರು.

ಬಾಳಪ್ಪನವರ ವಿಶೇಷವು ಹಳೆಯ ಲಾವಣಿಗಳನ್ನು ಹಾಡುವದರಲ್ಲಿ ಮುಗಿಯಲಿಲ್ಲ. ದ. ರಾ. ಬೇಂದ್ರೆಯವರ ಕವಿತೆಗಳನ್ನೂ, ಗೋಕಾವಿ ಸೀಮೆಯ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರ ಗೀತಗಳನ್ನೂ ಅವರು ಜಾನಪದದ ಮಟ್ಟಿನಲ್ಲಿ ಹಾಡಿದರು. ಈ ಕವಿಗಳು ಹಳ್ಳಿಯ ಹಾಡಿನಿಂದ ಧಾಟಿಯನ್ನೂ ನುಡಿಗಟ್ಟನ್ನೂ ಪಡೆದು ಬರೆದಿದ್ದರು. ಪುಸ್ತಕದೊಳಗಿದ್ದ ಆ ಕವಿತೆಯನ್ನು ಮರಳಿ ಹಳ್ಳಿಯ ಕಿವಿಗೆ ತಲುಪಿಸಿದವರು ಬಾಳಪ್ಪನವರು. ಸಾಲವಾಗಿ ಪಡೆದುದು ಬಡ್ಡಿಯೊಡನೆ ಹಿಂದಿರುಗಿದಂತಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಜನರು ಯಂತ್ರದ ಮೂಲಕ ಕೇಳಿದ ಬಾಳಪ್ಪನವರು ಇಪ್ಪತ್ತರ ತರುಣರಲ್ಲ. ಬಯಲಿನಲ್ಲಿ ಎರಡು ದಶಕ ಹಾಡಿ ನುರಿತವರು. ಪದದ ಯಾವ ಅಕ್ಷರವನ್ನು ಎಳೆಯಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ಮಾತಿನಂತೆ ನುಡಿಯಬೇಕು ಎಂಬುದನ್ನು ಸಾವಿರಾರು ಮುಖಗಳನ್ನು ನೋಡಿ ಕಲಿತವರು. ಇದು ವಿಲಂಬದ ಲಾಭ. ಹಾನಿಯೂ ಅಷ್ಟೇ ದೊಡ್ಡದು: ತಾರುಣ್ಯದ ಕಂಠವು ಉಳಿಯಲಿಲ್ಲ. ಆರಂಭದ ವರ್ಷಗಳಲ್ಲಿ ಆಕಾಶವಾಣಿಯ ಹಾಡುಗಳು ಬಹುಮಟ್ಟಿಗೆ ನೇರವಾಗಿ ಪ್ರಸಾರವಾಗುತ್ತಿದ್ದುದರಿಂದ ಆಗಿನ ಹಾಡಿನ ಬಹುಭಾಗವು ಕೇಳಿದವರ ನೆನಪಿನಲ್ಲಿ ಮಾತ್ರ ನಿಂತಿತು.

ಕ್ಯಾಸೆಟ್ಟಿನ ಕಾಲ

೧೯೬೩ರಲ್ಲಿ ಫಿಲಿಪ್ಸ್ ಕಂಪನಿಯವರು ಹೊರತಂದ ಕ್ಯಾಸೆಟ್ಟು ಹಿಂದುಸ್ತಾನದ ಹಳ್ಳಿಗಳನ್ನು ಮುಟ್ಟಿದ್ದು ೧೯೮೦ರ ದಶಕದಲ್ಲಿ. ಅಂಗೈಯಗಲದ ಈ ಪೆಟ್ಟಿಗೆಯಲ್ಲಿ ಮಗ್ಗುಲಿಗೆ ಅರ್ಧ ಗಂಟೆಯ ಹಾಡು ಹಿಡಿಯುವದು. ಮುದ್ರಣಕ್ಕೆ ಬೇಕಾದ ಖರ್ಚು ಕಡಿಮೆ. ಮುಂಬಯಿಗೆ ಹೋಗಬೇಕಾದ ಅಗತ್ಯವಿಲ್ಲ. ಲಾವಣಿಯು ತನ್ನ ಕಾಲುಗಳನ್ನು ಚಾಚಲು ಮೊದಲ ಸಲ ಸ್ಥಳ ದೊರೆಯಿತು. ಗಡ್ಡ ನರೆತ ಎಷ್ಟೋ ಹಾಡುಗಾರರು ತಮ್ಮ ದನಿಯನ್ನು ತಾವೇ ಹೊರಗಿನಿಂದ ಕೇಳಿದ್ದು ಆಗಲೇ. ಜಾತ್ರೆಯ ಅಂಗಡಿಗಳಲ್ಲಿ ಬಳೆ ಬೆಂಡು ಬತ್ತಾಸುಗಳ ಸಾಲಿನಲ್ಲಿ ಕ್ಯಾಸೆಟ್ಟುಗಳೂ ಮಾರಾಟಕ್ಕೆ ಬಂದವು.

ಕ್ಯಾಸೆಟ್ಟಿನ ಶಕ್ತಿಯು ಅಗಲಿಹೋದ ಪದಕಾರರಿಗೂ ಹೊಸ ಬಾಳನ್ನು ಕೊಟ್ಟಿತು. ಶಿಶುನಾಳದ ಶರೀಫ ಸಾಹೇಬರು (೧೮೧೯–೧೮೮೯) ಮೊದಲು ಶಾಲೆಯ ಮಾಸ್ತರರಾಗಿದ್ದು, ಆ ಕೆಲಸವನ್ನು ಬಿಟ್ಟು, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ತತ್ತ್ವಪದಗಳನ್ನು ಹಾಡಿದರು. ಗೈಸ್‌ಬರ್ಗರು ಕಲಕತ್ತೆಗೆ ಬರುವ ೧೩ ವರ್ಷ ಮೊದಲೇ ಅವರು ಲಿಂಗೈಕ್ಯರಾದರು. ಅವರ ದನಿಯು ಹೇಗಿದ್ದಿತೆಂಬುದನ್ನು ಯಾರೂ ಕೇಳಲಾರರು. ಆದರೆ ‘ಶಿಶುನಾಳಧೀಶ’ನೆಂಬ ಅಂಕಿತವನ್ನು ಹೊತ್ತ ಪದಗಳು ಭಜನೆಯ ಮೇಳಗಳಲ್ಲಿ ಒಂದು ಶತಮಾನ ನಡೆದು ಬಂದವು. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ದೀರ್ಘಕಾಲ ದುಡಿಯುತ್ತಲೇ ಹಾಡನ್ನು ಸಾಧಿಸಿದ ಸಿ. ಅಶ್ವತ್ಥರು (೧೯೩೯–೨೦೦೯) ಅವುಗಳನ್ನು ಕ್ಯಾಸೆಟ್ಟುಗಳ ಮೂಲಕವೂ, ೧೯೯೦ರಲ್ಲಿ ತೆರೆಕಂಡ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕವೂ ನಾಡಿಗೆಲ್ಲ ಹರಡಿದರು. ಕವಿಯ ಕಾಲಕ್ಕೂ ಮುದ್ರಣಕ್ಕೂ ನಡುವೆ ಇದ್ದ ನೂರು ವರ್ಷಗಳ ಹೊಳೆಗೆ ಅಂಕಿತವೇ ಸೇತುವೆಯಾಯಿತು.

ಲಾಭವೂ ಹಾನಿಯೂ

ಮುದ್ರಣವು ಒಂದು ಸಂಜೆಯ ಹಾಡನ್ನು ಶಾಶ್ವತ ಮಾಡುವದು. ಪದಕಾರನಾದರೋ ಒಂದೇ ಪದವನ್ನು ಹೊಲದಲ್ಲಿ ಒಂದು ಬಗೆಯಾಗಿ, ಮಠದಲ್ಲಿ ಇನ್ನೊಂದು ಬಗೆಯಾಗಿ ಹಾಡುವನು. ಕೇಳುವವರ ಮೋರೆ ನೋಡಿ ನುಡಿಯನ್ನು ಕೂಡಿಸುವನು, ಬಿಡುವನು. ಕಲಿಯುವ ಹುಡುಗರು ಗುರುವಿನ ಬಾಯಿಂದ ಕಲಿಯದೆ ಕ್ಯಾಸೆಟ್ಟಿನಿಂದ ಕಲಿತರೆ ಆ ಒಂದು ಸಂಜೆಯ ಹಾಡೇ ಎಲ್ಲರ ಹಾಡಾಗುವದು. ಇದು ಸಣ್ಣ ಹಾನಿಯಲ್ಲ.

ಅದಕ್ಕೂ ಹೆಚ್ಚಿನ ಹಾನಿಯು ಹೆಸರಿನದು. ವೇಳೆಯನ್ನು ಉಳಿಸುವದಕ್ಕಾಗಿ ಮುದ್ರಣದಲ್ಲಿ ಮೊದಲು ಕತ್ತರಿಸಲ್ಪಡುವದು ಕೊನೆಯ ನುಡಿ, ಅಂಕಿತವಿರುವದು ಅದರಲ್ಲಿಯೇ. ಅದು ಹೋದ ಮೇಲೆ ಹೊದಿಕೆಯ ಮೇಲೆ ‘ಜಾನಪದ’ ಎಂಬ ಒಂದು ಶಬ್ದ ಉಳಿಯುವದು. ಜಾನಪದವೆಂದರೆ ಕರ್ತೃವಿಲ್ಲದ್ದೆಂದು ತಿಳಿಯುವದು ದೊಡ್ಡ ಪ್ರಮಾದ. ಒಬ್ಬ ಒಕ್ಕಲಿಗನು ನಾಲ್ವತ್ತು ವರ್ಷ ಹಿಮ್ಮೇಳದಲ್ಲಿ ನಿಂತು ಕಟ್ಟಿದ ಪದವು ಹೀಗೆ ಒಡೆಯನಿಲ್ಲದ ದನದಂತೆ ಅಲೆಯುವದು. ಈಗ ಪ್ರತಿಯೊಬ್ಬರ ಕೈಯಲ್ಲಿ ಧ್ವನಿಯನ್ನೂ ಚಿತ್ರವನ್ನೂ ಹಿಡಿಯುವ ದೂರವಾಣಿಯಿರುವದು; ಒಂದು ಜಾತ್ರೆಯ ಇರುಳಿನಲ್ಲಿ ನೂರು ಮುದ್ರಣಗಳಾಗುವವು. ಆದರೆ ಹಾಡಿದವರಾರು, ಕಟ್ಟಿದವರಾರು, ಗುರುವಾರು, ಊರಾವದು ಎಂಬ ನಾಲ್ಕು ಮಾತುಗಳು ಅವುಗಳ ಜೊತೆಗೆ ಇರುವದು ಅಪರೂಪ. ಯಂತ್ರದ ಬಡತನವು ನೀಗಿತು. ವಿವರದ ಬಡತನವು ಉಳಿಯಿತು.

ಮಠಗಳು ಈ ವಿಷಯದಲ್ಲಿ ಮಾಡಬಹುದಾದ ಕಾರ್ಯವು ದೊಡ್ಡದು, ಖರ್ಚು ಚಿಕ್ಕದು. ಭಜನೆಯ ಮೇಳಗಳ ಹಿರಿಯರ ಮನೆಗಳಲ್ಲಿ ಕೈಬರಹದ ಪದಗಳ ವಹಿಗಳು ಇರುವದುಂಟು. ಮನೆಯ ಜಂತಿಯ ಸಂದಿನಲ್ಲಿ, ಹೊಗೆ ಹಿಡಿದು, ಗೆದ್ದಲಿಗೆ ಈಡಾಗುವ ಮೊದಲು ಅವುಗಳನ್ನು ಪ್ರತಿಮಾಡಿಸಿಡಬೇಕು. ಹಿರಿಯ ಪದಕಾರನು ಹಾಡುವಾಗ ಪೂರ್ಣಪದವನ್ನು, ಅಂಕಿತದ ನುಡಿಯೊಡನೆ, ಮುದ್ರಿಸಬೇಕು. ಹಾಡಿನ ಮೊದಲಲ್ಲಿ ತನ್ನ ಹೆಸರು, ಊರು, ಗುರು, ಪದವನ್ನು ಕಲಿತ ಕಾಲ ಇವುಗಳನ್ನು ಅವನ ಬಾಯಿಂದಲೇ ಹೇಳಿಸಬೇಕು. ದನಿಯೂ ಅಕ್ಷರವೂ ಒಂದೆಡೆ ಕೂಡಿದರೆ ಒಂದು ಅಳಿದರೂ ಇನ್ನೊಂದು ಸಾಕ್ಷಿಯಾಗಿ ಉಳಿಯುವದು.

ಯಂತ್ರಗಳು ಬರುವವು, ಹೋಗುವವು. ಅರಗಿನ ತಟ್ಟೆಯು ಒಡೆದುಹೋಯಿತು; ಕ್ಯಾಸೆಟ್ಟಿನ ಪಟ್ಟಿಯು ತುಕ್ಕು ಹಿಡಿಯಿತು. ಅವುಗಳಿಗಿಂತ ಮೊದಲೇ ಹುಟ್ಟಿದ ಅಂಕಿತವು ಮಾತ್ರ ಇಂದಿಗೂ ತನ್ನ ಗುರುವನ್ನೂ ಊರನ್ನೂ ಹೇಳುತ್ತಿರುವದು. ಕೃಷ್ಣೆಯ ದಂಡೆಯ ಈ ಐದು ಸೀಮೆಗಳಲ್ಲಿ ನರೆತ ಕೂದಲಿನ ಪದಕಾರರು ಇನ್ನೂ ಹಾಡುತ್ತಿರುವರು. ಅವರ ಕೊನೆಯ ನುಡಿಯನ್ನು ಪೂರ್ಣವಾಗಿ ಕೇಳುವ ತಾಳ್ಮೆಯು ಕೇಳುವವರಲ್ಲಿ ಇರಲಿ.